‘ಮತ್ತು’ವಿನಿಂದ ಆರಂಭಿಸಿ ನಾನು ಎಡವಿದ್ದು

ಹಾವೇರಿ ಜಿಲ್ಲೆಯ ಒಂದು ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ನಾಲ್ಕನೆಯ ಮತ್ತು ಐದನೆಯ ತರಗತಿಯ 23 ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂಡಿಸಿಕೊಂಡು ಕನ್ನಡ ಕಲಿಸುತ್ತೇನೆ. ಮೂರನೆಯ ತರಗತಿಯವರೆಗೆ ಚಟುವಟಿಕೆಗಳ ಮೂಲಕ ಕಲಿಸುವ ‘ನಲಿಕಲಿ’ ಪದ್ಧತಿಯ ಕಾರ್ಡುಗಳನ್ನು ಹಿಡಿದು ಓದಿ ಬಂದ ಈ ಮಕ್ಕಳಿಗೆ ಚಿಕ್ಕ ವಾಕ್ಯಗಳನ್ನು ಬರೆಯಲು ಬರುತ್ತದೆ; ‘ಮಳೆ ಬಂತು. ನಾನು ನೆನೆದೆ. ನೆಗಡಿ ಆಯಿತು.’ ಎಂದು ಬಿಡಿಬಿಡಿಯಾಗಿ ಬರೆದು ಮುಂದೆ ತರುತ್ತಾರೆ. ಅವುಗಳನ್ನು ಜೋಡಿಸುವುದನ್ನು ಕಲಿಸಬೇಕೆಂದು ಹೊರಟ ಮೊದಲ ವರ್ಷ ನಾನು ಮಾಡಿದ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ.

ಸಂಬಂಧಾರ್ಥಕ ಅವ್ಯಯ, ಅಂದರೆ ಪದಗಳನ್ನೋ ವಾಕ್ಯಗಳನ್ನೋ ಜೋಡಿಸುವ ಪದ, ಎಂದೊಡನೆ ನಮ್ಮ ನಾಲಿಗೆಗೆ ಮೊದಲು ಬರುವುದು ‘ಮತ್ತು’. ಎಲ್ಲಕ್ಕಿಂತ ಸುಲಭವೆಂದು ನಾನು ಅದರಿಂದಲೇ ಆರಂಭಿಸಿದೆ. ಎರಡು ವಾರ ಕಳೆದ ಮೇಲೆ ದಿನಚರಿ ಬರೆಯಲು ಹೇಳಿದಾಗ ನಾಲ್ಕನೆಯ ತರಗತಿಯ ಒಬ್ಬ ಹುಡುಗಿ ಹೀಗೆ ಬರೆದು ತಂದಳು: ‘ನಾನು ಎದ್ದೆನು ಮತ್ತು ಹಲ್ಲು ಉಜ್ಜಿದೆನು ಮತ್ತು ಚಹಾ ಕುಡಿದೆನು ಮತ್ತು ಶಾಲೆಗೆ ಬಂದೆನು.’ ವ್ಯಾಕರಣದ ಕಣ್ಣಿಗೆ ತಪ್ಪೇನೂ ಕಾಣದ ಈ ವಾಕ್ಯ ಕಿವಿಗೆ ಮಾತ್ರ ಕಲ್ಲು ಕಡಿದಂತೆ ಕೇಳಿಸಿತು. ನೋಟುಪುಸ್ತಕ ಮುಚ್ಚಿ ಬಾಯಲ್ಲಿ ಹೇಳು ಎಂದೆ. ‘ಎದ್ದು, ಹಲ್ಲುಜ್ಜಿ, ಚಾ ಕುಡದು ಸಾಲಿಗೆ ಬಂದ್ನಿರಿ’ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಎಂಟೊಂಬತ್ತು ವರ್ಷದ ಮಗು ಮನೆಯಿಂದ ತಂದಿದ್ದ ಸೊಗಸಾದ ಜೋಡಣೆಯನ್ನು ನಾನೇ ಎರಡು ವಾರ ದುಡಿದು ಕೆಡಿಸಿದ್ದೆ.

ಕ್ರಿಯೆಗಳನ್ನು ಪೋಣಿಸಲು ಕನ್ನಡಕ್ಕೆ ‘ಎದ್ದು’, ‘ಉಜ್ಜಿ’, ‘ಕುಡಿದು’ ಎಂಬ ರೂಪಗಳಿವೆ. ಹೆಸರುಗಳನ್ನು ಕೂಡಿಸಲು ‘ಅವ್ವನೂ ಅಪ್ಪನೂ’ ಎಂಬಲ್ಲಿರುವ ‘ಊ’ ಇದೆ. ‘ಅನ್ನ ಸಾರು ಉಂಡೆ’ ಎನ್ನುವಾಗ ಅದೂ ಬೇಕಾಗುವುದಿಲ್ಲ. ಆದ್ದರಿಂದ ಎರಡನೆಯ ವರ್ಷ ‘ಮತ್ತು’ವನ್ನು ಪೂರ್ತಿ ಹಿಂದಕ್ಕೆ ಸರಿಸಿದೆ. ಮಕ್ಕಳು ಬಾಯಲ್ಲಿ ಹೇಳಿದ್ದನ್ನು ಹೇಳಿದಂತೆಯೇ ಕಪ್ಪುಹಲಗೆಯ ಎಡಕ್ಕೆ ಬರೆದು, ಅದರ ಬರಹದ ರೂಪವನ್ನು ಬಲಕ್ಕೆ ಬರೆಯತೊಡಗಿದೆ. ‘ಅದಕ್ಕ’ದ ಎದುರು ‘ಆದ್ದರಿಂದ’, ‘ಆದ್ರ’ದ ಎದುರು ‘ಆದರೆ’, ‘ಯಾಕಂದ್ರ’ದ ಎದುರು ‘ಏಕೆಂದರೆ’ ಬಂದು ಕೂತಾಗ ಮಕ್ಕಳಿಗೆ ಇದು ಹೊಸ ಪಾಠವೆಂದು ಅನ್ನಿಸಲೇ ಇಲ್ಲ. ಆಡುಮಾತನ್ನು ಹಲಗೆಯ ಮೇಲೆ ಬರೆದರೆ ಮಕ್ಕಳ ಭಾಷೆ ಕೆಡುತ್ತದೆ ಎಂದು ಶಿಕ್ಷಕರ ಸಮಾಲೋಚನಾ ಸಭೆಯೊಂದರಲ್ಲಿ ಆಕ್ಷೇಪ ಬಂದಿತ್ತು. ಕೆಡಿಸಿದ್ದು ಯಾವುದು ಎಂಬುದನ್ನು ನಾನು ಅಷ್ಟರಲ್ಲಾಗಲೇ ಕಣ್ಣಾರೆ ಕಂಡಿದ್ದೆ.

ಹೆಚ್ಚು ದಿನ ಹಿಡಿದದ್ದು ‘ಏಕೆಂದರೆ’. ಬಾಯಲ್ಲಿ ‘ಯಾಕಂದ್ರ’ ಎಂದು ಸರಿಯಾಗಿ ಹೇಳುವ ಮಕ್ಕಳೇ ಬರೆಯುವಾಗ ಕಾರಣವನ್ನೂ ಫಲವನ್ನೂ ಅದಲುಬದಲು ಮಾಡುತ್ತಿದ್ದರು. ‘ಮಳೆ ಬಂತು ಏಕೆಂದರೆ ನಾನು ಕೊಡೆ ತಂದೆ’ ಎಂದು ಒಬ್ಬ ಹುಡುಗ ಬರೆದಿದ್ದ. ಕಾರಣ ಮೊದಲೋ ಫಲ ಮೊದಲೋ ಎಂಬ ನಿಯಮವನ್ನು ವಿವರಿಸಲು ಹೋಗಿ ನಾನೇ ತಡವರಿಸಿದೆ. ಕೊನೆಗೆ ಆ ಪದವನ್ನೇ ಒಡೆದು ತೋರಿಸಿದೆ: ಏಕೆ, ಎಂದರೆ. ಅಂದರೆ ‘ಏಕೆ ಎಂದು ಕೇಳಿದರೆ’. ವಾಕ್ಯವನ್ನು ಓದುತ್ತ ಆ ಪದದ ಬಳಿ ನಿಲ್ಲಬೇಕು, ಇಡೀ ತರಗತಿ ‘ಏಕೆ?’ ಎಂದು ಕೂಗಬೇಕು, ಮುಂದಿನ ಭಾಗ ಆ ಪ್ರಶ್ನೆಗೆ ಉತ್ತರವಾಗಬೇಕು. ಹುಡುಗ ‘ಮಳೆ ಬಂತು’ ಎಂದು ಓದಿ ನಿಂತ. ‘ಏಕೆ?’ ಎಂದು ಎಲ್ಲರೂ ಕೂಗಿದರು. ‘ನಾನು ಕೊಡೆ ತಂದೆ’ ಎಂದು ಓದಿದವನು ಎಲ್ಲರಿಗಿಂತ ಮೊದಲು ತಾನೇ ನಕ್ಕುಬಿಟ್ಟ. ‘ಹಂಗಾದ್ರ ಬ್ಯಾಸಗ್ಯಾಗೂ ಕೊಡಿ ತಗೊಂಡ್ ಬಾರಪಾ’ ಎಂದು ಹಿಂದಿನ ಸಾಲಿನಿಂದ ಮಾತು ಬಂತು. ಮನೆಯಲ್ಲಿ ಉರ್ದು ಮಾತನಾಡುವ ಹುಡುಗಿಯೊಬ್ಬಳು ತಮ್ಮಲ್ಲಿಯೂ ಹೀಗೆಯೇ, ‘ಕಾಯ್ಕು ಬೋಲೇತೋ’ ಎನ್ನುತ್ತೇವೆ ಎಂದಳು. ಅಲ್ಲಿಯೂ ಅದೇ ‘ಏಕೆ’, ಅದೇ ‘ಎಂದರೆ’. ಇದು ನನಗೆ ಅವಳು ಕಲಿಸಿದ ಪಾಠ.

ಈ ಅಭ್ಯಾಸಕ್ಕೆ ನಿತ್ಯದ ಸಾಮಗ್ರಿ ಹಾಜರಿ ಪುಸ್ತಕದಿಂದಲೇ ಸಿಕ್ಕಿತು. ಗೋವಿನಜೋಳ ಮುರಿಯುವ ದಿನಗಳಲ್ಲಿ ನಮ್ಮಲ್ಲಿ ಗೈರುಹಾಜರಿ ಹೆಚ್ಚು. ಹಿಂದಿನ ದಿನ ಬಾರದವರು ಬೆಳಗ್ಗೆ ಎರಡು ವಾಕ್ಯ ಬರೆದು ಕೊಡಬೇಕು ಎಂಬ ಪದ್ಧತಿ ಮಾಡಿದೆ: ಒಂದು ‘ಏಕೆಂದರೆ’ ಬಳಸಿ, ಇನ್ನೊಂದು ಅದನ್ನೇ ತಿರುವಿ ‘ಆದ್ದರಿಂದ’ ಬಳಸಿ. ‘ನಾನು ನಿನ್ನೆ ಶಾಲೆಗೆ ಬರಲಿಲ್ಲ, ಏಕೆಂದರೆ ತಮ್ಮನನ್ನು ನೋಡಿಕೊಳ್ಳಬೇಕಾಗಿತ್ತು.’ ‘ತಮ್ಮನನ್ನು ನೋಡಿಕೊಳ್ಳಬೇಕಾಗಿತ್ತು, ಆದ್ದರಿಂದ ನಾನು ನಿನ್ನೆ ಶಾಲೆಗೆ ಬರಲಿಲ್ಲ.’ ಹೀಗೆ ತಿರುವಿ ಬರೆಯುವಾಗ ಯಾವುದು ಕಾರಣ ಎಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ. ಇದನ್ನು ಶಿಕ್ಷೆಯೆಂದು ಮಕ್ಕಳು ತಿಳಿಯದಂತೆ ನೋಡಿಕೊಳ್ಳುವುದು ಅಗತ್ಯ. ನಾನು ತಡವಾಗಿ ಬಂದ ದಿನ ನಾನೂ ಹಲಗೆಯ ಮೇಲೆ ಬರೆದಿದ್ದೇನೆ.

‘ಅಥವಾ’ಕ್ಕೆ ಪಾಠವೇ ಬೇಕಾಗಲಿಲ್ಲ. ಬಿಸಿಯೂಟದ ಜೊತೆ ಮೊಟ್ಟೆ ಕೊಡುವ ದಿನ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಕೊಡುತ್ತೇವೆ. ‘ಇಂದು ಮೊಟ್ಟೆ ಅಥವಾ ಬಾಳೆಹಣ್ಣು’ ಎಂದು ಹಲಗೆಯ ಮೇಲೆ ಬರೆದು ಬೇರೆ ಕೆಲಸಕ್ಕೆ ಹೋಗಿ ಬರುವಷ್ಟರಲ್ಲಿ ಯಾರೋ ‘ಅಥವಾ’ವನ್ನು ಅಳಿಸಿ ‘ಮತ್ತು’ ಎಂದು ಬರೆದಿದ್ದರು. ಅಕ್ಷರದಿಂದ ಯಾರೆಂದು ಗೊತ್ತಾದರೂ ಕೇಳಲಿಲ್ಲ. ಒಂದು ಪದದಿಂದ ತಟ್ಟೆಗೆ ಬೀಳುವುದು ಎರಡು ಪಟ್ಟಾಗುತ್ತದೆ ಎಂಬುದನ್ನು ನಾನು ಇದಕ್ಕಿಂತ ಚೆನ್ನಾಗಿ ಹೇಳಲಾರೆ. ‘ಮತ್ತು’ ನಮ್ಮ ತರಗತಿಗೆ ಮರಳಿ ಬಂದದ್ದೂ ಆ ದಿನವೇ.

‘ಆದರೆ’, ‘ಆದರೂ’ ಇವುಗಳಿಗೆ ಆರಂಭದಲ್ಲಿ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ವಾಕ್ಯದ ಪಟ್ಟಿಗಳನ್ನು ಮಾಡಿ, ನಡುವೆ ಅವ್ಯಯದ ಕಾರ್ಡು ಹಿಡಿದು ಮಕ್ಕಳನ್ನು ನಿಲ್ಲಿಸಿದೆ. ನೋಡಲು ಚೆಂದವಿತ್ತು, ಗದ್ದಲವೂ ಸಾಕಷ್ಟಿತ್ತು, ಕಲಿಕೆ ಮಾತ್ರ ಕಡಿಮೆ. ಕಾರ್ಡು ಯಾವುದಿದ್ದರೂ ಮಕ್ಕಳು ಕೈಹಿಡಿದು ನಿಲ್ಲುತ್ತಿದ್ದರು, ಅರ್ಥವನ್ನು ಯಾರೂ ನೋಡುತ್ತಿರಲಿಲ್ಲ. ಬಳಿಕ ಅರ್ಧ ವಾಕ್ಯವನ್ನಷ್ಟೇ ಕೊಟ್ಟು ಉಳಿದುದನ್ನು ಅವರಿಂದಲೇ ಹೇಳಿಸತೊಡಗಿದೆ. ‘ಮಳೆ ಬಂತು, ಆದ್ದರಿಂದ...’ ಎಂದರೆ ‘ಅಪ್ಪ ಬಿತ್ತಲು ಹೋದರು’ ಎಂದು ಬಂತು. ‘ಮಳೆ ಬಂತು, ಆದರೂ...’ ಎಂದು ನಿಲ್ಲಿಸಿದಾಗ ಸ್ವಲ್ಪ ಹೊತ್ತು ಮೌನ. ಆಮೇಲೆ ಒಬ್ಬಳು ‘ನಮ್ಮ ಹೊಲ ಹಸಿ ಆಗಲಿಲ್ಲ’ ಎಂದಳು. ಎಣಿಸಿದ್ದು ಒಂದು, ಆದದ್ದು ಇನ್ನೊಂದು ಎಂಬ ಸೂಕ್ಷ್ಮ ಆ ವಾಕ್ಯದಲ್ಲಿ ಪೂರ್ತಿಯಾಗಿತ್ತು. ‘ಮಳೆ ಆದರೆ ಆಟವಿಲ್ಲ’ ಎನ್ನುವಾಗಿನ ‘ಆದರೆ’ಯೂ ‘ಮಳೆ ಬಂತು, ಆದರೆ ಆಟ ನಿಲ್ಲಲಿಲ್ಲ’ ಎನ್ನುವಾಗಿನ ‘ಆದರೆ’ಯೂ ಬೇರೆಬೇರೆ ಎಂಬುದನ್ನು ಐದನೆಯ ತರಗತಿಯವರೊಡನೆ ಮಾತ್ರ ಚರ್ಚಿಸುತ್ತೇನೆ. ಎರಡೂ ‘ಆಗು’ ಧಾತುವಿನಿಂದಲೇ ಬಂದವು ಎಂದು ಹೇಳುವುದಿಲ್ಲ. ಆ ವಯಸ್ಸಿಗೆ ಅದು ಭಾರ.

ಕಳೆದ ಕಿರುಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬುವ ಪ್ರಶ್ನೆಯೊಂದಿತ್ತು: ‘ಮಳೆ ಬಂತು ______ ಆಟ ನಿಲ್ಲಲಿಲ್ಲ.’ ಉತ್ತರದ ಹಾಳೆಯಲ್ಲಿದ್ದದ್ದು ‘ಆದರೆ’ ಒಂದೇ. ‘ಆದರೂ’ ಬರೆದವರಿಗೂ ನಾನು ಪೂರ್ಣ ಅಂಕ ಕೊಟ್ಟೆ. ಎರಡು ವರ್ಷದ ಹಿಂದೆ ಮೂರು ‘ಮತ್ತು’ಗಳ ದಿನಚರಿ ಓದಿದ್ದ ನನಗೆ ಕೊನೆಯಲ್ಲಿ ಸಿಕ್ಕ ಉತ್ತರಪತ್ರಿಕೆಯನ್ನು ಎರಡು ಬಾರಿ ನೋಡಬೇಕಾಯಿತು: ಅದನ್ನು ಬರೆದ ಮಗು ‘ಬಂತು’ ಎಂಬುದನ್ನೂ ಅಚ್ಚಾದ ಗೆರೆಯನ್ನೂ ಹೊಡೆದುಹಾಕಿ, ಮೇಲೆ ‘ಬಂದರೂ’ ಎಂದು ಬರೆದಿತ್ತು. ಅದಕ್ಕೂ ಪೂರ್ಣ ಅಂಕ ಕೊಟ್ಟೆ.