ಕರುಳಿನ ಪಾಲಿಪ್: ಯಾವುದನ್ನು ತೆಗೆಯುತ್ತೇನೆ, ಯಾವುದನ್ನು ಬಿಡುತ್ತೇನೆ

ದೊಡ್ಡಕರುಳಿನ ಒಳಪದರದಲ್ಲಿ ನಾಲ್ಕೈದು ಮಿಲಿಮೀಟರಿನ ಪಾಲಿಪ್, ಅಂದರೆ ಸಣ್ಣ ಗಂಟಿನಂಥ ಬೆಳವಣಿಗೆ, ಕಂಡಾಗ, ಅದನ್ನು ಆಗಲೇ ತೆಗೆಯಬೇಕೋ ಬಿಟ್ಟು ನೋಡಬಹುದೋ ಎಂಬುದನ್ನು ನಾನು ಗಾತ್ರವೊಂದರಿಂದಲೇ ನಿರ್ಧರಿಸುವುದಿಲ್ಲ. ಅದರ ಜಾತಿಯನ್ನೂ ಅದಿರುವ ಜಾಗವನ್ನೂ ನೋಡುತ್ತೇನೆ. ಅಷ್ಟೇ ಮುಖ್ಯವಾಗಿ, ಎದುರಿಗಿರುವ ವ್ಯಕ್ತಿಯ ವಯಸ್ಸು ಮತ್ತು ಆರೋಗ್ಯವನ್ನು ನೋಡುತ್ತೇನೆ.

ಗುದನಾಳ ಹಾಗೂ ಅದರ ಮೇಲಿನ ಸಿಗ್ಮಾಯ್ಡ್ ಭಾಗದಲ್ಲಿ ಸಿಗುವ, 5 ಮಿ.ಮೀ. ಮೀರದ ಬಿಳಿಚಿದ ಹೈಪರ್‌ಪ್ಲಾಸ್ಟಿಕ್ (ಸಾಮಾನ್ಯವಾಗಿ ಕ್ಯಾನ್ಸರಿಗೆ ತಿರುಗದ ಜಾತಿಯ) ಪಾಲಿಪ್‌ಗಳನ್ನು ಹಾಗೆಯೇ ಬಿಡುತ್ತೇನೆ. ಕೊಲೊನೋಸ್ಕೋಪಿನ (ಕರುಳಿನೊಳಗೆ ಹಾಯಿಸುವ ಕ್ಯಾಮೆರಾ ಕೊಳವೆಯ) ಎನ್‌ಬಿಐ ಎಂಬ ವಿಶೇಷ ನೀಲಿ-ಹಸಿರು ಬೆಳಕಿನಲ್ಲಿ ಅಡಿನೋಮಾ (ಮುಂದೆ ಕ್ಯಾನ್ಸರ್ ಆಗಬಲ್ಲ ಜಾತಿಯ ಪಾಲಿಪ್) ಸುತ್ತಲಿನ ಪದರಕ್ಕಿಂತ ಹೆಚ್ಚು ಕಂದು ಬಣ್ಣವಾಗಿ, ರಕ್ತನಾಳಗಳು ಎದ್ದು ಕಾಣುವಂತೆ ತೋರುತ್ತದೆ. ಹೈಪರ್‌ಪ್ಲಾಸ್ಟಿಕ್ ಹಾಗೆ ತೋರುವುದಿಲ್ಲ. ಗುರುತು ಸ್ವಲ್ಪ ಅನುಮಾನವೆನಿಸಿದರೂ ತೆಗೆದು ಬಯಾಪ್ಸಿಗೆ ಕಳಿಸುತ್ತೇನೆ. ಬಲಭಾಗದ ಕರುಳಿನಲ್ಲಿ ಲೋಳೆ ಹೊದ್ದು ಚಪ್ಪಟೆಯಾಗಿ ಮಲಗಿರುವ ಸೆರೇಟೆಡ್ (ಸೂಕ್ಷ್ಮದರ್ಶಕದಲ್ಲಿ ಗರಗಸದ ಹಲ್ಲಿನಂತೆ ಕಾಣುವ) ಬೆಳವಣಿಗೆಗಳ ವಿಷಯದಲ್ಲಂತೂ ನನಗೆ ರಿಯಾಯಿತಿಯಿಲ್ಲ: ಅವು ಸುಲಭವಾಗಿ ಕಣ್ಣು ತಪ್ಪಿಸುತ್ತವೆ, ಮುಂದೆ ಕ್ಯಾನ್ಸರ್ ಆಗುವ ದಾರಿಯೂ ಅವಕ್ಕಿದೆ. ಹೊಟ್ಟೆ ಸರಿಯಾಗಿ ಸ್ವಚ್ಛವಾಗದಿದ್ದರೆ ಅವು ಕಾಣುವುದೇ ಇಲ್ಲವಾದ್ದರಿಂದ, ಭೇದಿ ಔಷಧವನ್ನು ಹಿಂದಿನ ಸಂಜೆ ಅರ್ಧ, ಪರೀಕ್ಷೆಯ ದಿನ ಬೆಳಿಗ್ಗೆ ಅರ್ಧ ಕುಡಿಯಲೇಬೇಕೆಂದು ಒತ್ತಿ ಹೇಳುತ್ತೇನೆ.

ಹತ್ತು ಮಿಲಿಮೀಟರಿಗಿಂತ ಸಣ್ಣ ಅಡಿನೋಮಾಗಳಿಗೆ ನಾನು ಬಳಸುವುದು ಕೋಲ್ಡ್ ಸ್ನೇರ್. ವಿದ್ಯುತ್ ಹಾಯಿಸದೆ, ತೆಳುವಾದ ತಂತಿಯ ಕುಣಿಕೆಯಿಂದ ಸುತ್ತಲಿನ ಒಂದೆರಡು ಮಿ.ಮೀ. ಆರೋಗ್ಯವಂತ ಪದರದ ಸಮೇತ ಕತ್ತರಿಸುವುದರಿಂದ ಕರುಳಿನ ಗೋಡೆ ಸುಡುವುದಿಲ್ಲ, ದಿನಗಳ ನಂತರ ರಕ್ತ ಸೋರುವ ಸಂಭವವೂ ಕಡಿಮೆ.

ಎಂಬತ್ತು ದಾಟಿದ, ಹೃದಯ ದುರ್ಬಲವಾಗಿದ್ದ ಹಿರಿಯರೊಬ್ಬರಿಗೆ ಬೇರೆ ಕಾರಣಕ್ಕೆ ಮಾಡಿಸಿದ ಸಿ.ಟಿ.ಯಲ್ಲಿ 7 ಮಿ.ಮೀ. ಪಾಲಿಪ್ ಕಂಡಿತ್ತು. "ಬಿಟ್ಟರೆ ಬೆಳೆಯುತ್ತಲ್ಲ ಡಾಕ್ಟ್ರೇ" ಎಂದರು ಅವರ ಮಗ. ಅಮೆರಿಕದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 6ರಿಂದ 9 ಮಿ.ಮೀ.ಯ 306 ಪಾಲಿಪ್‌ಗಳನ್ನು ತೆಗೆಯದೆ ಸರಾಸರಿ ಎರಡು ವರ್ಷಕ್ಕೂ ಮೇಲೆ ಗಮನಿಸಿದಾಗ, ಬೆಳೆದದ್ದು ಶೇ. 22 ಮಾತ್ರ, ಅರ್ಧದಷ್ಟು ಹಾಗೆಯೇ ಇದ್ದವು, ಉಳಿದವು ಕುಗ್ಗಿದವು. ಅಡಿನೋಮಾ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷವಾದರೂ ಬೇಕಾಗುತ್ತದೆ. ಭೇದಿ ಔಷಧದ ಆಯಾಸವೇ ಆ ದೇಹಕ್ಕೆ ಹೆಚ್ಚಿನ ಅಪಾಯವೆಂದು ವಿವರಿಸಿ, ತೆಗೆಯದೆ ಬಿಟ್ಟೆವು. ಅದೇ 7 ಮಿ.ಮೀ. ಪಾಲಿಪ್ ಐವತ್ತರ ಆರೋಗ್ಯವಂತರಲ್ಲಿದ್ದಿದ್ದರೆ ತೆಗೆಯದೆ ಕಳಿಸುತ್ತಿರಲಿಲ್ಲ.

ತೆಗೆಸಿಕೊಂಡ ಹಲವರು ಪ್ರತಿವರ್ಷ ಕೊಲೊನೋಸ್ಕೋಪಿ ಮಾಡಿಸಬೇಕೆಂದುಕೊಂಡಿರುತ್ತಾರೆ. ಒಂದೋ ಎರಡೋ ಸಣ್ಣ ಅಡಿನೋಮಾ ಮಾತ್ರ ಇದ್ದವರಿಗೆ ಅಮೆರಿಕದ 2020ರ ಮಾರ್ಗಸೂಚಿ ಹೇಳುವುದು 7ರಿಂದ 10 ವರ್ಷ. ಮೂರು ನಾಲ್ಕಿದ್ದರೆ 3ರಿಂದ 5. ಹತ್ತಿರದ ರಕ್ತಸಂಬಂಧಿಗಳಿಗೆ ಕರುಳಿನ ಕ್ಯಾನ್ಸರ್ ಬಂದಿದ್ದರೆ ಈ ಲೆಕ್ಕ ಬದಲಾಗಬಹುದು. ನಡುವೆ ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ರಕ್ತಹೀನತೆಯಾದರೆ, ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸದೆ, ಬರೆದುಕೊಟ್ಟ ದಿನಾಂಕಕ್ಕೂ ಕಾಯದೆ ಬರಬೇಕು.