ಇಂಗ್ಲೆಂಡಿನ ಹಳೆಯ ಬಾರ್ನ್ ಗೋಡೆಗೆ ಸುಣ್ಣದ ಗಾರೆ ತುಂಬುವ ವಿಧಾನ

ಇಂಗ್ಲೆಂಡಿನ ಹಳ್ಳಿಗಾಡಿನ ಹಳೆಯ ಬಾರ್ನ್‌ಗಳಲ್ಲಿ (ಕೊಯ್ದ ಪೈರು ಒಟ್ಟುವ ದೊಡ್ಡ ಕಟ್ಟಡಗಳಲ್ಲಿ) ಕಲ್ಲು, ಇಟ್ಟಿಗೆಯ ಗೋಡೆಗಳನ್ನು ಹೆಚ್ಚಾಗಿ ಸುಣ್ಣದ ಗಾರೆಯಲ್ಲೇ ಕಟ್ಟಿದ್ದಾರೆ. ಗೋಡೆ ಹೀರಿದ ಮಳೆನೀರು ಕಲ್ಲುಗಳ ನಡುವಿನ ಸಂದುಗಳಲ್ಲಿರುವ ಈ ಗಾರೆಯ ಮೂಲಕ ಆರಿಹೋಗುತ್ತದೆ. ಸಂದಿಗೆ ಸಿಮೆಂಟ್ ತುಂಬಿದರೆ ನೀರು ಕಲ್ಲಿನೊಳಗೇ ನಿಂತು, ಚಳಿಗಾಲದಲ್ಲಿ ಹೆಪ್ಪುಗಟ್ಟಿ, ಕಲ್ಲಿನ ಮುಖ ಪದರಪದರವಾಗಿ ಉದುರುತ್ತದೆ. ಈ ಹಾನಿಯನ್ನು ಸರಿಪಡಿಸಲಾಗದು.

ಮೊದಲು ಕಟ್ಟಡ ಲಿಸ್ಟೆಡ್ (ಕಾನೂನಿನ ರಕ್ಷಣೆಯಿರುವ ಪಾರಂಪರಿಕ ಕಟ್ಟಡ) ಆಗಿದೆಯೇ ಎಂದು ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆಯ ಪಟ್ಟಿಯಲ್ಲಿ ನೋಡಿ, ಸ್ಥಳೀಯ ಕೌನ್ಸಿಲ್‌ನ ಕನ್ಸರ್ವೇಶನ್ ಆಫೀಸರ್ (ಹಳೆಯ ಕಟ್ಟಡಗಳ ಸಂರಕ್ಷಣಾಧಿಕಾರಿ) ಅವರನ್ನು ಕೇಳಿ. ಕೌನ್ಸಿಲ್‌ನ ಒಪ್ಪಿಗೆ ಬೇಕಾದ ಕೆಲಸವನ್ನು ಒಪ್ಪಿಗೆಯಿಲ್ಲದೆ ಮಾಡುವುದು ಲಿಸ್ಟೆಡ್ ಕಟ್ಟಡಗಳ 1990ರ ಕಾಯ್ದೆಯಡಿ ಅಪರಾಧ. ಬಿರುಕುಗಳಲ್ಲಿ ಬಾವಲಿಗಳಿರಬಹುದು; ಅವುಗಳಿಗೂ ಕಾನೂನಿನ ರಕ್ಷಣೆಯಿದೆ. ಗೋಡೆಯಲ್ಲಿರುವ ಕಿರಿದಾದ ಉದ್ದ ಸೀಳುಗಳನ್ನು ಮುಚ್ಚಲೇಬೇಡಿ. ಒಳಗೆ ಒಟ್ಟಿದ ಪೈರಿಗೆ ಗಾಳಿಯಾಡಲೆಂದೇ ಅವನ್ನು ಬಿಟ್ಟಿದ್ದು, ಬಾರ್ನ್‌ನ ಗುರುತೇ ಅವು.

ಸಡಿಲವಾದ ಗಾರೆಯನ್ನು ಮಾತ್ರ ತೆಗೆಯಿರಿ. ಗಟ್ಟಿಯಾಗಿರುವುದು ಹಾಗೇ ಇರಲಿ. ಸಂದಿನ ಅಗಲದ ಎರಡರಷ್ಟಾದರೂ ಆಳಕ್ಕೆ ಕೆರೆಯಬೇಕು, ತೆಳುವಾಗಿ ಸವರಿದ್ದು ಬೇಗ ಕಳಚುತ್ತದೆ. ಸಣ್ಣ ಉಳಿ, ಸುತ್ತಿಗೆ ಸಾಕು. ಗ್ರೈಂಡರ್ ತಂದರೆ ಕಲ್ಲಿನ ಅಂಚು ಕತ್ತರಿಸಿ, ಸಂದು ಶಾಶ್ವತವಾಗಿ ಅಗಲವಾಗುತ್ತದೆ. ಅಂಚು ಒಡೆಯದೆ ಬಾರದ ಸಿಮೆಂಟನ್ನು ಸದ್ಯಕ್ಕೆ ಬಿಟ್ಟುಬಿಡುವುದೇ ಲೇಸು.

ಧೂಳು ತೆಗೆದು, ಹಿಂದಿನ ಸಂಜೆಯೂ ಕೆಲಸಕ್ಕೆ ಮುಂಚೆಯೂ ಗೋಡೆಗೆ ನೀರು ಚಿಮುಕಿಸಿ. ಒಣಕಲ್ಲು ಗಾರೆಯ ನೀರೆಳೆದುಕೊಂಡರೆ ಗಾರೆ ಪುಡಿಯಾಗುತ್ತದೆ.

ಗಾರೆಗೆ ಸಾಮಾನ್ಯವಾಗಿ ಎನ್‌ಎಚ್‌ಎಲ್ 3.5 (ನೀರು ಸೇರಿದರೆ ಗಟ್ಟಿಯಾಗುವ ನೈಸರ್ಗಿಕ ಸುಣ್ಣ; ಅಂಕಿ ದೊಡ್ಡದಾದಷ್ಟೂ ಗಟ್ಟಿ) ಸುಣ್ಣ ಒಂದು ಪಾಲಿಗೆ ತೊಳೆದ ಒರಟು ಮರಳು ಮೂರು ಪಾಲು. ಸಲಿಕೆ ಲೆಕ್ಕ ಬೇಡ, ಬಕೆಟ್‌ನಲ್ಲೇ ಅಳೆಯಿರಿ. ಕಲ್ಲು ಮೆತ್ತಗಿದ್ದರೆ ಎನ್‌ಎಚ್‌ಎಲ್ 2 ಅಥವಾ ಸುಣ್ಣದ ಪುಟ್ಟಿ (ನೀರಿನಲ್ಲಿ ಅರಳಿಸಿದ ಮೆತ್ತನೆಯ ಸುಣ್ಣ) ಬಳಸಿ: ಗಾರೆ ಯಾವಾಗಲೂ ಕಲ್ಲಿಗಿಂತ ಮೃದುವಾಗಿರಬೇಕು. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ ನಿಲ್ಲುವಷ್ಟೇ ನೀರು ಹಾಕಿ. ಹೆಚ್ಚಾದರೆ ಕುಗ್ಗಿ ಬಿರುಕು ಬಿಡುತ್ತದೆ. ಸುಣ್ಣ ಚರ್ಮ, ಕಣ್ಣು ಸುಡುತ್ತದೆ, ಕೈಗವಸು ಮತ್ತು ರಕ್ಷಣಾ ಕನ್ನಡಕ ಕಡ್ಡಾಯ. ಬಣ್ಣವನ್ನು ಮರಳೇ ನಿರ್ಧರಿಸುವುದರಿಂದ ಮರೆಯಲ್ಲಿರುವ ಮೂಲೆಯಲ್ಲಿ ಸ್ವಲ್ಪ ತುಂಬಿ, ಪೂರ್ತಿ ಒಣಗಿದ ಮೇಲೆ ಹಳೆಯದಕ್ಕೆ ಹೋಲಿಸಿ.

ಕಿರಿದಾದ ಕರಣೆಯಿಂದ ಒಳಗಿನಿಂದ ಹೊರಕ್ಕೆ ಒತ್ತಿ ತುಂಬಿ. ಆಳವಿದ್ದರೆ ಸುಮಾರು 20 ಮಿ.ಮೀ. ಪದರಗಳಲ್ಲಿ, ಅಗಲವಿದ್ದರೆ ಕಲ್ಲಿನ ಚೂರು ಸೇರಿಸಿ. ಅಂಚು ಸವೆದಿದ್ದರೆ ಗಾರೆ ಸ್ವಲ್ಪ ಒಳಗೇ ನಿಲ್ಲಲಿ, ಕಲ್ಲಿನ ಮುಖದ ಮೇಲೆ ಹರಡಬಾರದು. ಹೆಬ್ಬೆರಳು ಒತ್ತಿದರೆ ಕುಳಿ ಬೀಳದೆ, ಉಗುರಿನಿಂದ ಕೆರೆದರೆ ಗಾರೆಯ ಮೇಲೆ ಗೀರು ಬೀಳುವ ಹೊತ್ತಿಗೆ ಗಟ್ಟಿ ಬ್ರಷ್‌ನಿಂದ ಕುಟ್ಟಿ. ಮರಳಿನ ಕಣ ಮೇಲೆ ಕಾಣುತ್ತದೆ, ಕೂದಲೆಳೆಯ ಬಿರುಕೂ ಮುಚ್ಚುತ್ತದೆ.

ಒದ್ದೆ ಗೋಣಿತಟ್ಟು ಇಳಿಬಿಟ್ಟು, ಕನಿಷ್ಠ ಒಂದು ವಾರ ತೇವ ಕಾಪಾಡಿ. 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಕೆಲಸ ಮಾಡಬೇಡಿ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಕಾಲ ಒಳ್ಳೆಯದು. ಮುಟ್ಟಿದರೆ ಪುಡಿ ಉದುರುವ ಸಂದು ಕಂಡರೆ ಪೂರ್ತಿ ಕೆರೆದು ಮತ್ತೆ ತುಂಬಿ.