ಹೀಟಿಂಗ್ ಪೈಪಿಗೆ ಬಿಚ್ಚುವಂಥ ಪೆಟ್ಟಿಗೆ: ನನ್ನ ಅನುಭವ

ಇಂಗ್ಲೆಂಡಿನ ರೆಡಿಂಗಿನಲ್ಲಿ ನಾವು ತೆಗೆದುಕೊಂಡ ಮನೆ ವಿಕ್ಟೋರಿಯಾ ರಾಣಿಯ ಕಾಲದ್ದು. ಕೆಂಪು ಇಟ್ಟಿಗೆಯ ಸಾಲುಮನೆ. ಕಟ್ಟಿದಾಗ ಕೋಣೆ ಕಾಯಿಸಲು ಬೆಂಕಿಗೂಡು ಇತ್ತು, ರೇಡಿಯೇಟರ್ ಇರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಯಾರೋ ಬಾಯ್ಲರ್ ಕೂರಿಸಿ ಪೈಪು ಎಳೆದಿದ್ದಾರೆ. ಮೇಲಿನ ಅಂತಸ್ತಿನಲ್ಲಿ ಮರದ ನೆಲ, ಹಾಗಾಗಿ ಹಲಗೆಯ ಕೆಳಗೆ ಪೈಪು ಹಾಯಿಸಿದ್ದಾರೆ. ಕೆಳಗಿನ ಹಾಲ್‌ನಲ್ಲಿ ಕಾಂಕ್ರೀಟ್ ನೆಲ. ಅಲ್ಲಿ ಅಗೆಯುವ ಗೋಜಿಗೆ ಹೋಗಿಲ್ಲ. ಎರಡು ತಾಮ್ರದ ಪೈಪು ಚಾವಣಿಯಿಂದ ಮೂಲೆಯಲ್ಲಿ ನೇರವಾಗಿ ಇಳಿದು, ಗೋಡೆಯ ಬುಡದ ಪಟ್ಟಿಯ (ಸ್ಕರ್ಟಿಂಗ್) ಮೇಲೆ ಮೂರು ಮೀಟರ್ ಹರಿದು, ರೇಡಿಯೇಟರ್ ಸೇರುತ್ತವೆ. ಒಂದು ಬಿಸಿನೀರು ಹೋಗುವುದು, ಇನ್ನೊಂದು ತಣಿದು ವಾಪಸ್ ಬರುವುದು.

ಹಾಸನದಿಂದ ಅಮ್ಮ ಬಂದಾಗ ಮೊದಲು ಕಣ್ಣಿಗೆ ಬಿದ್ದಿದ್ದೇ ಅದು. "ನಮ್ಮಲ್ಲಿ ಗೀಜರ್ ಪೈಪನ್ನೂ ಗೋಡೆ ಕೊರೆದು ಒಳಗೆ ಹಾಕ್ತಾರೆ. ಇಲ್ಲಿ ಇಷ್ಟು ಕಾಯೋ ಪೈಪನ್ನ ಹೊರಗೇ ಬಿಟ್ಟಿದಾರಲ್ಲೋ," ಅಂದರು. ಆಮೇಲೆ ಅದರ ಮೇಲೆ ಮಗುವಿನ ಲಂಗೋಟಿ, ಕಾಲುಚೀಲ ಒಣಗಿಸೋಕೆ ಶುರು ಮಾಡಿದರು. ಚಳಿಗಾಲದಲ್ಲಿ ಬಟ್ಟೆ ಒಣಗದ ಊರು, ಅವರಿಗೆ ಅದು ಅನುಕೂಲವೇ ಆಯಿತು.

ನನಗೆ ಮಾತ್ರ ಆ ಪೈಪು ಬೇಡವಾಗಿದ್ದು ಮಗಳಿಂದ. ಅವಳಿಗೆ ಆಗ 14 ತಿಂಗಳು. ಸಿಕ್ಕಿದ್ದನ್ನು ಹಿಡಿದು ಎದ್ದು ನಿಲ್ಲುವ ವಯಸ್ಸು. ಒಂದು ಸಂಜೆ ಪೈಪು ಹಿಡಿದು ಎದ್ದಳು, ಕಿಟಾರನೆ ಕಿರುಚಿದಳು. ಬಾಯ್ಲರ್ 70 ಡಿಗ್ರಿಗೆ ಇಟ್ಟಿತ್ತು. ಕೈಯನ್ನು ನಲ್ಲಿಯ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿದುಕೊಂಡು ಕೂತಿದ್ದೆ. ಅಂಗೈ ಕೆಂಪಾಗಿತ್ತು, ಬೊಬ್ಬೆ ಏಳಲಿಲ್ಲ, ಪುಣ್ಯ. ಅವತ್ತು ರಾತ್ರಿಯೇ ಬಾಯ್ಲರನ್ನು 60ಕ್ಕೆ ಇಳಿಸಿದೆ. ಈ ಕಾಲದ ಕಂಡೆನ್ಸಿಂಗ್ ಬಾಯ್ಲರಿಗೆ ಅದು ಒಳ್ಳೆಯದೂ ಹೌದು. ವಾಪಸ್ ಬರುವ ನೀರು 55 ಡಿಗ್ರಿಗಿಂತ ಕೆಳಗಿದ್ದರೇನೇ ಅದು ಹೊಗೆಯಲ್ಲಿನ ಹಬೆಯನ್ನು ನೀರಾಗಿಸಿ ಆ ಶಾಖವನ್ನೂ ಹಿಡಿದುಕೊಳ್ಳುವುದು. ಆದರೆ 60 ಡಿಗ್ರಿಯೂ ಮಗುವಿನ ಕೈಗೆ ಜಾಸ್ತಿಯೇ. ಮುಚ್ಚಲೇಬೇಕಿತ್ತು.

ಹೇಗೆ ಮುಚ್ಚಬಾರದು ಅಂತ ನನಗೆ ಮೊದಲೇ ಗೊತ್ತಿತ್ತು. ಮೇಲಿನ ಸ್ನಾನದ ಮನೆಯಲ್ಲಿ ಹಿಂದಿನವರು ಪೈಪಿಗೆ ಪೆಟ್ಟಿಗೆ ಕಟ್ಟಿ, ಮೊಳೆ ಹೊಡೆದು, ಮೇಲೆ ಟೈಲ್ಸ್ ಅಂಟಿಸಿದ್ದರು. ನೋಡೋಕೆ ತುಂಬಾ ಚೆನ್ನಾಗಿತ್ತು. ಒಂದು ದಿನ ವಾಶ್ ಬೇಸಿನ್ನಿನ ನಲ್ಲಿ ಸೋರತೊಡಗಿತು. ನೀರು ನಿಲ್ಲಿಸುವ ಚಿಕ್ಕ ವಾಲ್ವ್ ಆ ಪೆಟ್ಟಿಗೆಯ ಒಳಗೆ! ಆರು ಟೈಲ್ಸ್ ಒಡೆದ ಮೇಲೆ ಕೈ ಹೋಯಿತು. ಒಳಗೆ ಮರ ಕರ್ರಗಾಗಿ, ಬೆರಳಲ್ಲಿ ಒತ್ತಿದರೆ ನೆನೆದ ರಸ್ಕಿನ ಥರ ಕುಸಿಯುತ್ತಿತ್ತು. ಬೇರೊಂದು ಜಾಯಿಂಟ್ ವರ್ಷಗಟ್ಟಲೆ ಹನಿ ಹನಿಯಾಗಿ ಸೋರಿತ್ತು, ಯಾರಿಗೂ ಕಂಡಿರಲಿಲ್ಲ. ಅದಕ್ಕೇ ಹಾಲ್‌ನ ಪೆಟ್ಟಿಗೆಗೆ ನಾನು ಹಾಕಿಕೊಂಡಿದ್ದು ಒಂದೇ ನಿಯಮ. ಸ್ಕ್ರೂಡ್ರೈವರ್ ಒಂದಿದ್ದರೆ ಐದು ನಿಮಿಷದಲ್ಲಿ ಪೂರ್ತಿ ಬಿಚ್ಚಲು ಬರಬೇಕು.

ಆಗಸ್ಟ್‌ನಲ್ಲಿ, ಹೀಟಿಂಗ್ ಬಂದ್ ಇರುವಾಗ ಕೆಲಸ ಹಿಡಿದೆ. ಮರ ತರುವ ಮೊದಲು ಎರಡು ದಿನ ಬರೀ ನೋಡಿದೆ. ಯಾವ ಪೈಪು ಯಾವುದು ಅಂತ ಖಾತ್ರಿ ಮಾಡಿಕೊಳ್ಳುವುದು ಮೊದಲ ಕೆಲಸ. ಗ್ಯಾಸ್ ಪೈಪೂ ತಾಮ್ರದ್ದೇ ಇರುತ್ತದೆ, ನೋಡಲು ವ್ಯತ್ಯಾಸವೇ ಇಲ್ಲ. ಗ್ಯಾಸ್ ಪೈಪನ್ನು ಪೆಟ್ಟಿಗೆಯಲ್ಲಿ ಮುಚ್ಚುವುದಾದರೆ ಗಾಳಿ ಆಡಲು ಕಿಂಡಿ ಬಿಡಲೇಬೇಕು, ಇಲ್ಲದಿದ್ದರೆ ಸೋರಿದ ಗ್ಯಾಸ್ ಒಳಗೇ ತುಂಬಿಕೊಳ್ಳುತ್ತದೆ. ಅನುಮಾನ ಇದ್ದರೆ ಗ್ಯಾಸ್ ಸೇಫ್ ನೋಂದಣಿ (ಇಲ್ಲಿ ಗ್ಯಾಸ್ ಕೆಲಸ ಮಾಡುವವರ ಅಧಿಕೃತ ಪಟ್ಟಿ) ಇರುವವರನ್ನು ಕರೆಸಿ. ನನ್ನವು ಎರಡೂ ರೇಡಿಯೇಟರಿನವೇ ಆಗಿದ್ದವು.

ಇನ್ನೊಂದು ವಿಷಯ ದಯವಿಟ್ಟು ಗಮನಿಸಿ. ಮೆಟ್ಟಿಲ ಕೆಳಗೆ ಪೈಪಿನ ಮೇಲ್ಭಾಗಕ್ಕೆ ಬೂದು ಬಣ್ಣದ ಹಳೇ ಹಲಗೆಯೊಂದನ್ನು ಹೊಡೆದಿದ್ದರು. ಕಿತ್ತುಹಾಕಲು ಕೈ ಹಾಕಿದವನು ನಿಂತೆ. ಬ್ರಿಟನ್ನಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಪೂರ್ತಿ ನಿಷೇಧ ಆಗಿದ್ದು 1999ರಲ್ಲಿ. ಅದಕ್ಕೂ ಮೊದಲು ಪೈಪು ಮುಚ್ಚಲು ಕಲ್ನಾರಿನ ಹಲಗೆಯನ್ನು ಧಾರಾಳವಾಗಿ ಬಳಸಿದ್ದಾರೆ. ಕೊರೆದರೆ, ಮುರಿದರೆ ಆ ಧೂಳು ಶ್ವಾಸಕೋಶಕ್ಕೆ ಹೋಗಿ ಕೂರುತ್ತದೆ. ನಾನು ಮುಟ್ಟದೆ, ತಿಳಿದವರಿಂದ ಚೂರು ತೆಗೆಸಿ ಪರೀಕ್ಷೆ ಮಾಡಿಸಿದೆ. ಕಲ್ನಾರು ಅಲ್ಲ ಅಂತ ಬಂತು. ಕೊಟ್ಟ ದುಡ್ಡಿಗೆ ಒಂದಿಷ್ಟೂ ಬೇಸರ ಇಲ್ಲ.

ಅಂಗಡಿಯಲ್ಲಿ 12 ಮಿಲಿಮೀಟರ್ ದಪ್ಪದ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಹಾಳೆ ಕೊಂಡು, ಅಲ್ಲಿಯೇ ಪಟ್ಟಿಗಳಾಗಿ ಕತ್ತರಿಸಿಕೊಂಡೆ. ಮೆಷಿನ್ನಿನಲ್ಲಿ ಕೊಯ್ದ ಅಂಚು ಎಷ್ಟು ನೇರ ಬರುತ್ತದೋ ಕೈಗರಗಸಕ್ಕೆ ಅಷ್ಟು ಬರಲ್ಲ. ಮನೆಯಲ್ಲಿ ಕೊಯ್ಯುವುದಾದರೆ ಹಿತ್ತಲಿಗೆ ಹೋಗಿ, ಒಳ್ಳೆಯ ಮಾಸ್ಕ್ ಹಾಕಿಕೊಂಡೇ ಕೊಯ್ಯಿರಿ. ಎಂಡಿಎಫ್ ಧೂಳು ಹಿಟ್ಟಿಗಿಂತ ನುಣ್ಣಗೆ, ಗಂಟಲಿಗೆ ಬಹಳ ಕೆಟ್ಟದ್ದು. ಅದರ ಜೊತೆ ಒಂದು ಇಂಚು, ಒಂದೂವರೆ ಇಂಚಿನ ಮರದ ರೀಪು, ಸ್ಕ್ರೂ, ಪ್ಲಗ್ಗು, ಫೋಮ್ ಕೊಳವೆ, ಆಯಸ್ಕಾಂತದ ಕ್ಯಾಚ್. ಎಲ್ಲ ಸೇರಿ ಸುಮಾರು 60 ಪೌಂಡ್ ಆಯಿತು.

ಮೊದಲು ಪೈಪಿಗೆ ಫೋಮ್ ತೊಡಿಸಿದೆ. ಉದ್ದಕ್ಕೆ ಸೀಳು ಇರುತ್ತದೆ, ಬಿಡಿಸಿ ತೊಡಿಸಿ ಟೇಪ್ ಸುತ್ತಿದರಾಯಿತು. 15 ಮಿಲಿಮೀಟರ್ ಪೈಪಿಗೆ 13 ಮಿಲಿಮೀಟರ್ ದಪ್ಪದ ಫೋಮ್ ತಂದಿದ್ದೆ. ಎರಡು ಪೈಪು ಅಷ್ಟು ಹತ್ತಿರ ಇದ್ದಿದ್ದರಿಂದ ಕೂರಲಿಲ್ಲ. ವಾಪಸ್ ಕೊಟ್ಟು 9 ಮಿಲಿಮೀಟರಿನದು ತಂದೆ. ಕ್ಲಿಪ್ ಇರುವ ಕಡೆ ಕತ್ತರಿಸಿ ಬಿಟ್ಟೆ.

ಆಮೇಲೆ ರೀಪು. ಗೋಡೆ ಕೊರೆಯುವ ಮುಂಚೆ ವೈರ್ ಹುಡುಕುವ ಡಿಟೆಕ್ಟರ್ ಆಡಿಸಿದೆ. ಸ್ವಿಚ್ಚಿನ ನೇರಕ್ಕೆ ಮೇಲೂ ಕೆಳಗೂ ವೈರ್ ಇರುವುದು ಇಲ್ಲಿನ ಪದ್ಧತಿ. ಅಲ್ಲಿ ಅದು ಕೂಗಿತು, ರೀಪನ್ನು ಆಚೆ ಸರಿಸಿದೆ. ಗೋಡೆ ಮಾತ್ರ ತುಂಬಾ ಸತಾಯಿಸಿತು. ಸುಣ್ಣದ ಗಾರೆ, ನಮ್ಮಜ್ಜನ ಮನೆ ಗೋಡೆಯ ಹಾಗೇ. ಡ್ರಿಲ್ ಇಟ್ಟರೆ ಪುಡಿ ಸುರಿಯುತ್ತದೆ, ತೂತು ಅಗಲವಾಗುತ್ತದೆ, ಪ್ಲಗ್ ಒಳಗೇ ತಿರುಗುತ್ತದೆ. ಕೊನೆಗೆ ಉದ್ದನೆಯ ಸ್ಕ್ರೂ ತಂದು, ಗಾರೆ ದಾಟಿ ಇಟ್ಟಿಗೆಯೊಳಕ್ಕೇ ಪ್ಲಗ್ ಇಳಿಸಿದೆ. ಡ್ರಿಲ್ಲಿನಿಂದ ಕೆಂಪು ಪುಡಿ ಬಂದರೆ ಇಟ್ಟಿಗೆ ಸಿಕ್ಕಿತು ಅಂತ ಲೆಕ್ಕ. ಬಿಳಿ ಪುಡಿಯೇ ಬರುತ್ತಿದ್ದರೆ ಎರಡು ಇಟ್ಟಿಗೆ ನಡುವಿನ ಸಂದಿಗೆ ಹೋಗಿದ್ದೀರಿ, ಒಂದಿಂಚು ಮೇಲೆ ಕೊರೆಯಿರಿ.

ನನಗೆ ತುಂಬಾ ಖುಷಿ ಕೊಟ್ಟ ಕೆಲಸ ಅಂದರೆ ಹಲಗೆಯನ್ನು ಗೋಡೆಗೆ ಹೊಂದಿಸಿದ್ದು. ನೂರು ವರ್ಷ ದಾಟಿದ ಗೋಡೆ, ಎಲ್ಲೂ ನೇರ ಇಲ್ಲ. ರಸಮಟ್ಟ ಹಿಡಿದು ಹಲಗೆ ನಿಲ್ಲಿಸಿದರೆ ಕೆಳಗೆ ಅಂಟಿಕೊಂಡಿದೆ, ನಡುವೆ ಹೆಬ್ಬೆರಳು ತೂರುವಷ್ಟು ಸಂದಿ. ಇದಕ್ಕೆ ಒಂದು ಹಳೇ ಉಪಾಯ ಇದೆ. ಹಲಗೆಯನ್ನು ರಸಮಟ್ಟಕ್ಕೆ ಸರಿಯಾಗಿ ನೆಟ್ಟಗೆ ನಿಲ್ಲಿಸಿ. ಅಗಲವಾದ ವಾಶರ್ ಒಂದನ್ನು ತೆಗೆದುಕೊಳ್ಳಿ. ಅದರ ತೂತಿನಲ್ಲಿ ಪೆನ್ಸಿಲ್ ಮೊನೆ ಇಟ್ಟು, ವಾಶರಿನ ಅಂಚು ಗೋಡೆಗೆ ತಾಗುವ ಹಾಗೆ ಮೇಲಿಂದ ಕೆಳಗೆ ಉರುಳಿಸುತ್ತಾ ಬನ್ನಿ. ಗೋಡೆಯ ಒಂದೊಂದು ಉಬ್ಬು ತಗ್ಗೂ ಹಲಗೆಯ ಮೇಲೆ ಗೆರೆಯಾಗಿ ಮೂಡುತ್ತದೆ. ಆ ಗೆರೆಗೆ ಸರಿಯಾಗಿ ಕೊಯ್ದು, ಸ್ಯಾಂಡ್ ಪೇಪರಿನಲ್ಲಿ ಉಜ್ಜಿ, ಮತ್ತೆ ಹಿಡಿದೆ. ಗೋಡೆಗೆ ಹೋಗಿ ಕೂತಿತು, ಸಂದಿಯಲ್ಲಿ ಕಾಗದ ಕೂಡ ತೂರಲಿಲ್ಲ. ಹೆಂಡತಿಯನ್ನು ಕರೆದು ತೋರಿಸಿದೆ.

ಎಂಡಿಎಫ್ ಅಂಚಿಗೆ ನೇರವಾಗಿ ಸ್ಕ್ರೂ ಹಾಕಬೇಡಿ, ಪುಸ್ತಕದ ಹಾಳೆ ಬಿಟ್ಟುಕೊಂಡ ಹಾಗೆ ಸೀಳುತ್ತದೆ. ಪೆಟ್ಟಿಗೆಯ ಒಳಮೂಲೆಯಲ್ಲಿ ಇನ್ನೊಂದು ರೀಪು ಕೊಟ್ಟು, ಸ್ಕ್ರೂ ಅದಕ್ಕೆ ಹೋಗುವ ಹಾಗೆ ಮಾಡಿದೆ. ಪಕ್ಕದ ಹಲಗೆ ಕಾಯಂ, ಮುಂದಿನದು ಬಿಚ್ಚುವುದು. ಹಾಲ್ ಎತ್ತರ 2.6 ಮೀಟರ್, ಹಾಳೆಯ ಉದ್ದ 2.44. ಮೇಲೆ ಗೇಣು ಸಾಲಲಿಲ್ಲ. ಆ ಮೇಲಿನ ತುಂಡನ್ನೂ ಬಿಚ್ಚುವ ಹಾಗೆ ಬೇರೆಯಾಗಿ ಕೂರಿಸಿದೆ. ಸ್ಕರ್ಟಿಂಗ್ ಉದ್ದದ ಅಡ್ಡ ಪೆಟ್ಟಿಗೆಗೆ ಮುಚ್ಚಳದ ಹಾಗೆ ಎತ್ತುವ ಹಲಗೆ, ಆಯಸ್ಕಾಂತ ಹಿಡಿದುಕೊಳ್ಳುತ್ತದೆ. ಮಗಳಿಗೆ ಎತ್ತಲು ಬರದ ಹಾಗೆ ಎರಡು ಸ್ಕ್ರೂ ಹೆಚ್ಚಿಗೆ. ಹೀಟಿಂಗ್ ವ್ಯವಸ್ಥೆಯ ನೀರು ಖಾಲಿ ಮಾಡುವ ಡ್ರೈನ್ ಕೊಳಾಯಿ ತೀರಾ ಕೆಳಗಡೆ ಇದೆ, ಅದರ ಎದುರಿಗೆ ಪುಟ್ಟ ಬಾಗಿಲು ಇಟ್ಟೆ.

ರೇಡಿಯೇಟರಿನ ವಾಲ್ವ್ ಪೆಟ್ಟಿಗೆಯ ಹೊರಗೇ ಇರಬೇಕು. ಸುಮ್ನೆ ಅಂದಕ್ಕೆ ಅದನ್ನೂ ಮುಚ್ಚಿದರೆ ಕೆಲಸ ಕೆಡುತ್ತದೆ. ಅದರ ತಲೆ ಕೋಣೆಯ ಗಾಳಿ ಎಷ್ಟು ಬೆಚ್ಚಗಿದೆ ಅಂತ ನೋಡಿಕೊಂಡು ನೀರು ಬಿಡುತ್ತದೆ. ಪೆಟ್ಟಿಗೆಯೊಳಗಿನ ಬಿಸಿಗೆ ಕೋಣೆ ಕಾದಿದೆ ಅಂದುಕೊಂಡು ಮುಚ್ಚಿಕೊಳ್ಳುತ್ತದೆ, ನೀವು ಹೊರಗೆ ಚಳಿಯಲ್ಲಿ ಕೂರುತ್ತೀರಿ.

ಬಣ್ಣ ಬಳಿಯುವಾಗ ಅಂಚುಗಳಿಗೆ ಎರಡು ಸಲ ಪ್ರೈಮರ್ ಕೊಟ್ಟೆ, ಎಂಡಿಎಫ್ ಅಂಚು ಬಣ್ಣ ಹೀರುತ್ತಲೇ ಇರುತ್ತದೆ. ಗೋಡೆಯ ಬಣ್ಣವನ್ನೇ ಪೆಟ್ಟಿಗೆಗೂ ಕೊಟ್ಟಿದ್ದರಿಂದ ಅದು ಬೇರೆ ಅಂತ ಕಾಣುವುದಿಲ್ಲ. ಸಂದಿ ಮುಚ್ಚುವ ಕಾಕ್ ಅನ್ನು ಕಾಯಂ ಹಲಗೆಗೆ ಮಾತ್ರ ಹಚ್ಚಿದೆ. ಮುಂದಿನ ಹಲಗೆಯ ಸ್ಕ್ರೂ ತಲೆ ಹಾಗೇ ಕಾಣುತ್ತದೆ, ಹಿತ್ತಾಳೆ ಬಟ್ಟಲು ವಾಶರ್ ಹಾಕಿದ್ದೇನೆ. ಪುಟ್ಟಿ ತುಂಬಿ ಮುಚ್ಚೋಣ ಅಲ್ವಾ ಅಂತ ಹೆಂಡತಿ ಕೇಳಿದಳು. ಸ್ನಾನದ ಮನೆಯ ಟೈಲ್ಸ್ ನೆನಪಿಸಿದೆ, ಒಪ್ಪಿಕೊಂಡಳು.

ಅಕ್ಟೋಬರಿನಲ್ಲಿ ಮೊದಲ ಸಲ ಹೀಟಿಂಗ್ ಹಾಕಿದಾಗ ಬೆಳಗ್ಗೆ ಆರಕ್ಕೆ ಟಿಕ್, ಟಿಕ್, ಟಿಕ್. ಬಾಯ್ಲರ್ ಹತ್ತಿದ ಕೂಡಲೇ ಶುರು, ಹತ್ತು ನಿಮಿಷಕ್ಕೆ ನಿಲ್ಲುತ್ತದೆ. ಆರಿದ ಮೇಲೆ ಮತ್ತೆ. ಮಗಳು ಎದ್ದುಬಿಡುತ್ತಿದ್ದಳು. ಎರಡು ದಿನ ಮುಚ್ಚಳ ತೆಗೆದು ಕಿವಿಯಿಟ್ಟು ಕೇಳಿದೆ. ತಾಮ್ರ ಕಾದರೆ ಹಿಗ್ಗುತ್ತದೆ. ಮೂರು ಮೀಟರ್ ಪೈಪು 15 ಡಿಗ್ರಿಯಿಂದ 60ಕ್ಕೆ ಏರಿದರೆ ಎರಡು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚೇ ಉದ್ದವಾಗುತ್ತದೆ. ಪೆಟ್ಟಿಗೆಯ ಕೊನೆಯ ಹಲಗೆಯಲ್ಲಿ ಪೈಪು ಹೊರಬರಲು ನಾನು ಕೊರೆದಿದ್ದ ಕಚ್ಚು ಬರೀ 16 ಮಿಲಿಮೀಟರ್ ಅಗಲ. ಪೈಪು ಮರಕ್ಕೆ ಕಚ್ಚಿಕೊಳ್ಳುತ್ತಿತ್ತು, ಹಿಗ್ಗಿದಾಗ ಕಿತ್ತುಕೊಂಡು ಜಾರುತ್ತಿತ್ತು. ಆ ಜಾರುವಿಕೆಯೇ ಟಿಕ್. ಉರುಟು ಅರದಿಂದ ಆ ಕಚ್ಚನ್ನು 22 ಮಿಲಿಮೀಟರಿಗೆ ಉಜ್ಜಿದೆ. ಕುರ್ಚಿ ಕಾಲಿಗೆ ಅಂಟಿಸುವ ಫೆಲ್ಟ್ ತೆಗೆದುಕೊಂಡು ಒಳ ಅಂಚಿಗೆ ಅಂಟಿಸಿದೆ. ಮಾರನೇ ದಿನದಿಂದ ಸದ್ದಿಲ್ಲ.

ಜನವರಿಯಲ್ಲಿ ಬಾಯ್ಲರಿನ ಒತ್ತಡದ ಮುಳ್ಳು ಒಂದು ಬಾರ್‌ಗಿಂತ ಕೆಳಗೆ ಇಳಿಯತೊಡಗಿತು. ತಣ್ಣಗಿದ್ದಾಗ ಒಂದರಿಂದ ಒಂದೂವರೆ ಇರಬೇಕು. ನೀರು ತುಂಬಿದರೂ ವಾರಕ್ಕೆ ಮತ್ತೆ ಇಳಿಯಿತು. ಮುಂದಿನ ಹಲಗೆ ಬಿಚ್ಚಿ, ಟಾರ್ಚ್ ಹಿಡಿದು ಪೈಪು ಪೂರ್ತಿ ನೋಡಿದೆ. ಕೆಳಗಿನ ತಿರುವಿನ ನಟ್ ಹತ್ತಿರ ಹಸಿರು ಕಿಲುಬು ಕಟ್ಟಿತ್ತು, ಅದರ ಕೆಳಗಿನ ಫೋಮ್ ಒದ್ದೆ. ಎರಡು ಸ್ಪ್ಯಾನರ್ ಹಿಡಿದು, ಒಂದರಿಂದ ಜಾಯಿಂಟ್ ಗಟ್ಟಿಯಾಗಿ ಹಿಡಿದುಕೊಂಡು, ಇನ್ನೊಂದರಿಂದ ನಟ್ ಕಾಲು ಸುತ್ತು ಬಿಗಿ ಮಾಡಿದೆ. ಒಣ ಟಿಶ್ಯೂ ಸುತ್ತಿ ರಾತ್ರಿಯಿಡೀ ಬಿಟ್ಟೆ. ಬೆಳಗ್ಗೆ ಟಿಶ್ಯೂ ಒಣಗೇ ಇತ್ತು. ಹಲಗೆ ಹಾಕುವ ಮುಂಚೆ ಅದರ ಒಳಮೈ ಮೇಲೆ ಪೆನ್ಸಿಲಿನಲ್ಲಿ ಜಾಯಿಂಟುಗಳ ಜಾಗ, ಬಿಗಿ ಮಾಡಿದ ತಾರೀಕು ಬರೆದೆ.

ಸ್ನಾನದ ಮನೆಯ ಒಡೆದ ಪೆಟ್ಟಿಗೆ ಇನ್ನೂ ಬಾಕಿ ಇದೆ. ಅಲ್ಲಿಗೆ ತೇವ ತಡೆಯುವ ಹಸಿರು ಎಂಡಿಎಫ್ ತಂದಿಟ್ಟಿದ್ದೇನೆ. ವಾಲ್ವ್ ಎದುರಿನ ನಾಲ್ಕು ಟೈಲ್ಸ್ ಬೇರೆ ಹಲಗೆಗೆ ಅಂಟಿಸಿ, ಹಿಂದೆ ಆಯಸ್ಕಾಂತ ಕೊಡಬೇಕು. ಅಮ್ಮ ಏಪ್ರಿಲ್‌ನಲ್ಲಿ ಮತ್ತೆ ಬರುತ್ತಾರೆ. ಅಷ್ಟರಲ್ಲಿ ಅವರಿಗೆ ಬಟ್ಟೆ ಒಣಗಿಸಲು ಒಂದು ಸ್ಟ್ಯಾಂಡ್ ಕೂಡ ಮಾಡಬೇಕು.